ಎಪ್ಪತ್ತರ ದಶಕದ ಜರ್ಮನ್ ಕಾರುಗಳು: ಯಾವ ಭಾಗ ಯಾಕೆ ಹಾಗಿದೆ?

ಗಾಲಿಮಾತು:

ಗೆಳೆಯರೇ, ಹಳೆ ಬೆನ್ಸ್, ಪೋರ್ಷೆ, ಬಿಎಂಡಬ್ಲ್ಯು ಮಾತು ಬಂದಾಗಲೆಲ್ಲ ಚರ್ಚೆ ಟಾಪ್ ಸ್ಪೀಡಿಗೋ ಹರಾಜಿನ ಬೆಲೆಗೋ ಹೋಗಿ ನಿಲ್ಲುತ್ತದೆ. ಈ ಸಲ ಬೇರೆ ಥರ ನೋಡೋಣ. 1970ರಿಂದ 1980ರ ಒಳಗೆ ಬಂದ ಯಾವುದಾದರೂ ಜರ್ಮನ್ ಕಾರಿನ ಒಂದು ಭಾಗ ಆರಿಸಿಕೊಳ್ಳಿ. ಅದು ಯಾಕೆ ಹಾಗಿದೆ ಅಂತ ಬರೆಯಿರಿ. ನನ್ನ ವಾದ ಇಷ್ಟೇ: ಆ ಕಾರುಗಳಲ್ಲಿ ಬರೀ ಚೆಂದಕ್ಕೆ ಅಂತ ಇಟ್ಟದ್ದು ತುಂಬಾ ಕಮ್ಮಿ. ರೇಸಿನ ನಿಯಮ, ಅಪಘಾತದ ಚಿಂತೆ, ಪೆಟ್ರೋಲ್ ಬೆಲೆ. ಈ ಮೂರರಲ್ಲಿ ಒಂದು ಕಾರಣ ಸಿಕ್ಕೇ ಸಿಗುತ್ತದೆ.

ನಾನು ಹಿಂದಿನ ಲೈಟಿನಿಂದ ಶುರು ಮಾಡುತ್ತೇನೆ. 1971ರ ಮರ್ಸಿಡಿಸ್ ಎಸ್‌ಎಲ್, ಕಂಪನಿಯ ಒಳಗಿನ ಹೆಸರಿನಲ್ಲಿ ಆರ್107, ಅದರ ಹಿಂದಿನ ಲೈಟಿನ ಗಾಜು ನುಣುಪಾಗಿಲ್ಲ. ಅಡ್ಡಡ್ಡ ಏಣುಗಳಿವೆ, ನಡುವೆ ಆಳವಾದ ತೋಡುಗಳಿವೆ. ಮಳೆಯಲ್ಲಿ ಓಡುವ ಕಾರಿನ ಹಿಂಭಾಗಕ್ಕೆ ಕೆಸರು ಎರಚುತ್ತದಲ್ಲ, ಅದು ಏಣುಗಳ ಮೇಲೆ ಮೆತ್ತಿಕೊಳ್ಳುತ್ತದೆ. ಒಳಗಿನ ತೋಡುಗಳಿಗೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಲೈಟು ಅರ್ಧ ಕೊಳೆಯಾದರೂ ಹಿಂದಿನವನಿಗೆ ಬೆಳಕು ಕಾಣುತ್ತದೆ. ಮುಂದಿನ ಗ್ಲಾಸಿನ ಪಕ್ಕದ ಕಂಬಕ್ಕೆ ಹಾಕಿದ ಪಟ್ಟಿಗಳೂ ಅದೇ ಲೆಕ್ಕದವು. ಮಳೆನೀರು ಪಕ್ಕದ ಕಿಟಕಿಗೆ ಹರಿಯದೆ ಮೇಲೆ ಹೋಗಲಿ ಅಂತ ಮಾಡಿದ್ದು.

1972ರಲ್ಲಿ ಬಂದ ಎಸ್-ಕ್ಲಾಸ್ ಡಬ್ಲ್ಯು116ಗೂ ಇವೇ ಲೈಟುಗಳು ಬಂದವು. ಅದರ ಪೆಟ್ರೋಲ್ ಟ್ಯಾಂಕ್ ಡಿಕ್ಕಿಯ ಕೆಳಗಿಲ್ಲ, ಹಿಂದಿನ ಆಕ್ಸಲ್ ಮೇಲಿದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಟ್ಯಾಂಕ್ ಒಡೆಯಬಾರದು ಅಂತ. ಸ್ಟೇರಿಂಗಿನ ನಡುವೆ ದೊಡ್ಡ ಮೆತ್ತೆ ಇದೆ, ಎದೆಗೆ ಪೆಟ್ಟು ಕಮ್ಮಿ ಆಗಲಿ ಅಂತ. ಕಾರು ನೋಡಿದವರು ಎಂಥ ಠೀವಿ ಅನ್ನುತ್ತಾರೆ. ಆ ಠೀವಿಯ ಒಂದೊಂದು ಗೆರೆಯ ಹಿಂದೆಯೂ ಒಬ್ಬ ಎಂಜಿನಿಯರ್ ಕೂತು ಲೆಕ್ಕ ಹಾಕಿದ್ದಾನೆ.

ಚಿಕ್ಕಮಗಳೂರು ತಿರುವು:

ಒಳ್ಳೆ ವಿಷಯ. ನನ್ನದು ಪೋರ್ಷೆ 911 ಕರೇರಾ ಆರ್‌ಎಸ್ 2.7ರ ಬಾಲ.

ಮೊದಲು ಸಮಸ್ಯೆ ಏನು ಅಂತ ಹೇಳುತ್ತೇನೆ. 911ರ ಎಂಜಿನ್ ಹಿಂದಿನ ಆಕ್ಸಲಿಗಿಂತಲೂ ಹಿಂದೆ ಇದೆ. ಹಿಂದಿನ ಕ್ಯಾರಿಯರ್‌ಗೆ ಅಕ್ಕಿ ಮೂಟೆ ಕಟ್ಟಿದ ಸೈಕಲನ್ನು ತಿರುವಿನಲ್ಲಿ ಓಡಿಸಿದವರಿಗೆ ಇದು ಅರ್ಥವಾಗುತ್ತದೆ. ಅದರ ಜೊತೆಗೆ ಇನ್ನೊಂದು ತೊಂದರೆ. ಕಾರಿನ ಬೆನ್ನು ಇಳಿಜಾರಾಗಿ ಇರುವುದರಿಂದ ವೇಗ ಹೆಚ್ಚಾದ ಹಾಗೆ ಗಾಳಿ ಹಿಂಭಾಗವನ್ನು ಮೇಲಕ್ಕೆ ಎಳೆಯುತ್ತದೆ. ಎರಡೂ ಸೇರಿದರೆ 200 ಕಿ.ಮೀ. ವೇಗದಲ್ಲಿ ಹಿಂದಿನ ಟಯರಿನ ಹಿಡಿತವನ್ನು ನಂಬುವುದು ಕಷ್ಟ.

ಪೋರ್ಷೆಯಲ್ಲಿ ಟಿಲ್ಮನ್ ಬ್ರೋಡ್‌ಬೆಕ್, ಹರ್ಮನ್ ಬರ್ಸ್ಟ್ ಅನ್ನುವ ಎಂಜಿನಿಯರುಗಳು ಇದಕ್ಕೆ ಪರಿಹಾರ ಹುಡುಕಲು ಕೂತರು. ಎಂಜಿನ್ ಮುಚ್ಚಳದ ತುದಿಗೆ ತಗಡು ಜೋಡಿಸಿ ಪ್ರಯತ್ನಿಸುತ್ತಾ, ಎತ್ತರ ಬದಲಿಸುತ್ತಾ ಹೋದರು. ಕೊನೆಗೆ ಬಂದದ್ದು ಬಾತುಕೋಳಿ ಬಾಲದಂಥ ಆ ಚಿಕ್ಕ ಏರು. ಹಿಂಭಾಗ ಮೇಲೇಳುವುದು ತುಂಬಾ ಕಮ್ಮಿ ಆಯಿತು. ಟಾಪ್ ಸ್ಪೀಡ್ ಇಳಿಯಬೇಕಿತ್ತು ಅಲ್ವಾ? ಇಳಿಯಲಿಲ್ಲ, ಸ್ವಲ್ಪ ಏರಿತು. 1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮೋಟಾರ್ ಶೋನಲ್ಲಿ ಕಾರು ಹೊರಬಂತು.

ಹಿಂದಿನ ಟಯರೂ ಮುಂದಿನದಕ್ಕಿಂತ ಅಗಲ. ರಸ್ತೆಗೆ ಬಂದ 911ಗಳಲ್ಲಿ ಹೀಗೆ ಮಾಡಿದ್ದು ಇದೇ ಮೊದಲು.

ಇನ್ನು ತೂಕ ಇಳಿಸಲು ಮಾಡಿದ್ದನ್ನು ಹತ್ತಿರದಿಂದ ನೋಡಬೇಕು. ಸ್ಪೋರ್ಟ್ ಮಾದರಿಯಲ್ಲಿ ಬಾಗಿಲ ಹಿಡಿಕೆ ಇಲ್ಲ, ಎಳೆಯಲು ಒಂದು ಪಟ್ಟಿ ಇದೆ. ಹಿಂದಿನ ಸೀಟಿಲ್ಲ. ಡ್ಯಾಶ್‌ಬೋರ್ಡಿನ ಗಡಿಯಾರ ಇಲ್ಲ. ತಗಡು ತೆಳು, ಗ್ಲಾಸೂ ತೆಳು. ಬಾನೆಟ್ ಮೇಲಿನ ಪೋರ್ಷೆ ಲಾಂಛನ ಕೂಡ ಲೋಹದ್ದಲ್ಲ, ಸ್ಟಿಕರ್! ಇಷ್ಟೆಲ್ಲ ಮಾಡಿ ಕಾರನ್ನು 1,000 ಕಿಲೋ ಒಳಗೆ ತಂದರು. 210 ಹಾರ್ಸ್‌ಪವರ್, 100 ಕಿ.ಮೀ. ಮುಟ್ಟಲು 5.8 ಸೆಕೆಂಡ್. ಆ ಕಾಲಕ್ಕೆ ಅದು ಜರ್ಮನಿಯ ಅತಿ ವೇಗದ ರಸ್ತೆ ಕಾರು.

ಹೊಸಬ ಧಾರವಾಡ:

ಒಂದು ಪ್ರಶ್ನೆ. ಇಷ್ಟು ಕಷ್ಟಪಟ್ಟು ರಸ್ತೆ ಕಾರು ಯಾಕೆ ಮಾಡಬೇಕು? ನೇರ ರೇಸ್ ಕಾರೇ ಮಾಡಬಹುದಿತ್ತಲ್ಲ?

ಚಿಕ್ಕಮಗಳೂರು ತಿರುವು:

ಆಗಿನ ಗ್ರೂಪ್ 4 ಅನ್ನುವ ರೇಸ್ ವಿಭಾಗದ ನಿಯಮ ಬಿಡುತ್ತಿರಲಿಲ್ಲ. ರೇಸಿಗೆ ಇಳಿಸುವ ಕಾರಿನ ರಸ್ತೆ ಮಾದರಿಯನ್ನು ಕನಿಷ್ಠ 500 ತಯಾರಿಸಬೇಕು. ರೇಸ್ ಕಾರಿಗೆ ಬಾಲ ಬೇಕಾದರೆ ರಸ್ತೆ ಕಾರಿಗೂ ಬಾಲ ಇರಬೇಕು. 500 ಕಾರು ಯಾರು ಕೊಳ್ಳುತ್ತಾರೆ ಅಂತ ಪೋರ್ಷೆಯ ಮಾರಾಟ ವಿಭಾಗವೇ ಹೆದರಿತ್ತು. ನೋಡುತ್ತಿದ್ದ ಹಾಗೆ ಖಾಲಿ ಆದವು. ಕೊನೆಗೆ ತಯಾರಾದದ್ದು 1,580. ರೇಸ್ ಮಾದರಿ ಆರ್‌ಎಸ್‌ಆರ್ 1973ರಲ್ಲೇ ಡೇಟೋನಾ 24 ಗಂಟೆ ರೇಸನ್ನೂ ಇಟಲಿಯ ಟಾರ್ಗಾ ಫ್ಲೋರಿಯೋ ರೇಸನ್ನೂ ಗೆದ್ದಿತು.

ಎರಡು ಮೂಗು:

ಇದೇ ನಿಯಮದ ಇನ್ನೊಂದು ಮಗು ಬಿಎಂಡಬ್ಲ್ಯು 3.0 ಸಿಎಸ್‌ಎಲ್. ನನಗೆ ಆ ದಶಕದಲ್ಲಿ ಎಲ್ಲಕ್ಕಿಂತ ಇಷ್ಟದ ಕಾರು ಇದು.

ಎಪ್ಪತ್ತರ ಆರಂಭದಲ್ಲಿ ಟೂರಿಂಗ್ ಕಾರ್ ರೇಸಿನಲ್ಲಿ, ಅಂದರೆ ರಸ್ತೆ ಕಾರುಗಳನ್ನೇ ತಿದ್ದಿ ಓಡಿಸುವ ರೇಸಿನಲ್ಲಿ, ಫೋರ್ಡ್ ಕಾಪ್ರಿ ಎಲ್ಲರನ್ನೂ ಹಿಂದೆ ಹಾಕಿತ್ತು. ಬಿಎಂಡಬ್ಲ್ಯು ಏನು ಮಾಡಿತು ಗೊತ್ತಾ? ಆ ಕಾಪ್ರಿ ತಂಡ ನಡೆಸುತ್ತಿದ್ದ ಯೋಖೆನ್ ನೀರ್‌ಪಾಶ್ ಅವರನ್ನೇ ಕರೆತಂದಿತು. 1972ರಲ್ಲಿ ಬಿಎಂಡಬ್ಲ್ಯು ಮೋಟಾರ್‌ಸ್ಪೋರ್ಟ್ ಕಂಪನಿ ಶುರುವಾಯಿತು. ಇವತ್ತಿನ ಎಂ ಹೆಸರಿನ ವೇಗದ ಬಿಎಂಡಬ್ಲ್ಯು ಕಾರುಗಳೆಲ್ಲ ಅಲ್ಲಿಂದ ಬಂದವು.

ಸಿಎಸ್‌ಎಲ್‌ನ ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಅಲ್ಯೂಮಿನಿಯಂ. 1973ರಲ್ಲಿ ಅದಕ್ಕೆ ಮುಂದಿನ ಮಡ್‌ಗಾರ್ಡ್‌ಗಳ ಮೇಲೆ ಪಟ್ಟಿ, ಛಾವಣಿಯ ಹಿಂಬದಿಗೆ ಒಂದು ಅಂಚು, ಡಿಕ್ಕಿಯ ಮೇಲೆ ದೊಡ್ಡ ರೆಕ್ಕೆ ಬಂತು. ಆದರೆ ಆ ಹಿಂದಿನ ರೆಕ್ಕೆ ಹಾಕಿಕೊಂಡು ಜರ್ಮನಿಯ ರಸ್ತೆಗೆ ಇಳಿಯುವ ಹಾಗಿರಲಿಲ್ಲ. ಹಾಗಾಗಿ ಅದನ್ನು ಬಿಚ್ಚಿ ಡಿಕ್ಕಿಯಲ್ಲಿಟ್ಟು ಕಾರು ಕೊಟ್ಟರು. ಕೊಂಡವರು ಬೇಕಾದರೆ ಜೋಡಿಸಿಕೊಳ್ಳಲಿ. ರೇಸಿನ ನಿಯಮಕ್ಕೆ ರೆಕ್ಕೆ ಕಾರಿನ ಜೊತೆ ಬಂದಿದ್ದರೆ ಸಾಕಿತ್ತು. ಅದೇ ಜುಲೈನಲ್ಲಿ ನ್ಯೂರ್‌ಬರ್ಗ್‌ರಿಂಗ್ 6 ಗಂಟೆ ರೇಸಿನಲ್ಲಿ ಕ್ರಿಸ್ ಏಮನ್ ಮತ್ತು ಹಾನ್ಸ್-ಯೋಆಖಿಮ್ ಸ್ಟುಕ್ ಗೆದ್ದರು. ಆ ವರ್ಷದ ಯುರೋಪಿಯನ್ ಚಾಂಪಿಯನ್‌ಷಿಪ್ ಬಿಎಂಡಬ್ಲ್ಯುಗೆ ಬಂತು. ಆಮೇಲೆ 1975ರಿಂದ 1979ರವರೆಗೆ ಪ್ರತಿ ವರ್ಷವೂ ಇದೇ ಕಾರು. ತಯಾರಿಕೆ ನಿಲ್ಲಿಸಿದ ಮೇಲೂ ಗೆಲ್ಲುತ್ತಲೇ ಇತ್ತು!

ಚಾಲಕಿ ಹಾಸನ:

ಗಾಲಿಮಾತು ಅವರ ವಾದ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಎರಡು ಉದಾಹರಣೆ ಕೊಡುತ್ತೇನೆ.

ಒಂದು, ಬಿಎಂಡಬ್ಲ್ಯು 2002 ಟರ್ಬೋ. ಟರ್ಬೋ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳಿ ಶಕ್ತಿ ಹೆಚ್ಚಿಸುವ ಯಂತ್ರ. ಮುಂದಿನ ಸ್ಪಾಯ್ಲರ್, ಅಂದರೆ ಗಾಳಿ ತಡೆಯುವ ಪಟ್ಟಿ, ಅದರ ಮೇಲೆ ಟರ್ಬೋ ಅಂತ ಅಕ್ಷರಗಳನ್ನು ಉಲ್ಟಾ ಬರೆದಿದ್ದರು. ಮುಂದೆ ಹೋಗುವವನು ಕನ್ನಡಿಯಲ್ಲಿ ನೋಡಿದರೆ ಸರಿಯಾಗಿ ಕಾಣುತ್ತದೆ. ದಾರಿ ಬಿಡು ಅಂತ ಹೇಳುವ ಧಾಟಿ. ಅದಕ್ಕೆ ಎಂಜಿನಿಯರಿಂಗ್ ಕಾರಣ ಏನಿದೆ? ಟೀಕೆ ಜಾಸ್ತಿ ಆಗಿ ಕಂಪನಿಯೇ ಅದನ್ನು ಕೈಬಿಟ್ಟಿತು.

ಎರಡು, 1978ರ ಬಿಎಂಡಬ್ಲ್ಯು ಎಂ1. ಹಿಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಲಾಂಛನ. ಒಂದು ಸಾಕಿರಲಿಲ್ಲವೇ? ಅದು ಶುದ್ಧ ಅಂದ. ಅಂದ ಇದ್ದರೆ ತಪ್ಪೂ ಅಲ್ಲ. ಇಟಲಿಯ ವಿನ್ಯಾಸಕ ಜುಜಾರೋ ಬಿಡಿಸಿದ ಆ ಕಾರನ್ನು ಜನ ಇಷ್ಟಪಡುವುದು ಕಣ್ಣಿಗೇ ಮೊದಲು. ನನಗೂ ಹಾಗೆಯೇ.

ಗಾಲಿಮಾತು:

ಬರಹ ಬೇರೆ, ಭಾಗ ಬೇರೆ ಅನ್ನುವುದು ನನ್ನ ಲೆಕ್ಕ. ಆ ಸ್ಪಾಯ್ಲರ್ ಕೆಲಸ ಮಾಡುತ್ತಿತ್ತು, ಅಕ್ಷರ ಮಾಡುತ್ತಿರಲಿಲ್ಲ. ಎಂ1ರ ಎರಡು ಲಾಂಛನಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ, ಅದು ನಿಮ್ಮದೇ ಪಾಯಿಂಟ್.

ಆದರೆ 2002 ಟರ್ಬೋ ಕತೆ ಹೇಳಲೇಬೇಕು. 1973ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಶೋನಲ್ಲಿ ತೋರಿಸಿದರು. 2 ಲೀಟರ್ ಎಂಜಿನ್, 170 ಹಾರ್ಸ್‌ಪವರ್. ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ, ಹಿಂದೆಯೇ ತೈಲ ಬಿಕ್ಕಟ್ಟು. ನವೆಂಬರಿನಲ್ಲಿ ಪಶ್ಚಿಮ ಜರ್ಮನಿ ಆಟೋಬಾನ್ ಅನ್ನುವ ತನ್ನ ಹೆದ್ದಾರಿಗಳ ಮೇಲೆ 100 ಕಿ.ಮೀ. ಮಿತಿ ಹಾಕಿತು. ನವೆಂಬರ್ 25ರಿಂದ ಡಿಸೆಂಬರ್ 16ರವರೆಗೆ ನಾಲ್ಕು ಭಾನುವಾರ ಕಾರು ಹೊರಗೆ ತೆಗೆಯುವುದೇ ನಿಷಿದ್ಧ. ಜನ ಆಟೋಬಾನ್ ಮೇಲೆ ನಡೆದರು, ಸೈಕಲ್ ಹೊಡೆದರು. ಅಂಥ ಹೊತ್ತಿನಲ್ಲಿ ಈ ಕಾರನ್ನು ಮಾರುವುದು ಹೇಗೆ? 1,672ಕ್ಕೆ ನಿಂತಿತು.

ಆಡುಗೋಡಿ ಪಂಪು:

ತೈಲ ಬಿಕ್ಕಟ್ಟಿನ ಮಾತು ಬಂತು, ಹಾಗಾಗಿ ಡೀಸೆಲ್ ಬಗ್ಗೆ ನಾನು ಬರೆಯದೇ ಇರಲಾರೆ. ನಮ್ಮ ಮನೆಯಲ್ಲಿ ಎರಡು ತಲೆಮಾರು ಮೈಕೋದಲ್ಲಿ ದುಡಿದಿದೆ. ಬೆಂಗಳೂರಿನವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಆಡುಗೋಡಿಯ ಮೈಕೋ ಅಂದರೆ ಜರ್ಮನಿಯ ಬಾಷ್ ಕಂಪನಿಯ ಭಾರತದ ಶಾಖೆ, 1951ರಲ್ಲಿ ಶುರುವಾದದ್ದು. ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು ಅಲ್ಲಿ ತಯಾರಾಗುತ್ತಿದ್ದವು.

ಮೇಲೆ ಹೇಳಿದ ಕರೇರಾ ಆರ್‌ಎಸ್ ಎಂಜಿನ್ ಇದೆಯಲ್ಲ, ಅದಕ್ಕೆ ಪೆಟ್ರೋಲ್ ಕೊಡುವುದು ಬಾಷ್‌ನ ಯಾಂತ್ರಿಕ ಇಂಜೆಕ್ಷನ್ ಪಂಪು. ಆರು ಸಿಲಿಂಡರಿಗೆ ಆರು ಪ್ಲಂಜರ್, ಅಂದರೆ ಸಣ್ಣ ಪಿಸ್ಟನ್, ಎರಡು ಸಾಲಿನಲ್ಲಿ. ಕ್ಯಾಮ್ ತಿರುಗಿ ಪ್ಲಂಜರನ್ನು ತಳ್ಳುತ್ತದೆ, ಅದು ಅಳತೆ ಮಾಡಿ ಇಂಧನ ಕಳಿಸುತ್ತದೆ. ನಮ್ಮ ಲಾರಿಯ ಡೀಸೆಲ್ ಪಂಪು ಬಿಚ್ಚಿ ನೋಡಿದವರು ಇದನ್ನು ನೋಡಿದರೆ ತಕ್ಷಣ ಗುರುತು ಹಿಡಿಯುತ್ತಾರೆ. ಅದೇ ವಂಶ. ಕೂದಲೆಳೆಗಿಂತ ತೆಳುವಾದ ಸಂದಿನಲ್ಲಿ ಪ್ಲಂಜರ್ ಓಡಾಡಬೇಕು, ಎಣ್ಣೆ ಸೋರಬಾರದು. ಅಷ್ಟು ನಿಖರವಾಗಿ ಉಜ್ಜುವ ಕೆಲಸ ನಮ್ಮವರ ಕೈಗೂ ಗೊತ್ತಿತ್ತು ಅನ್ನುವುದು ನನಗೆ ದೊಡ್ಡ ಹೆಮ್ಮೆ.

ಈಗ ಬೆನ್ಸ್ ಸಿ111. 1969ರಲ್ಲಿ ವಾಂಕೆಲ್ ಎಂಜಿನ್, ಅಂದರೆ ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ಎಂಜಿನ್ ಹಾಕಿ ಮಾಡಿದ ಕಿತ್ತಳೆ ಬಣ್ಣದ ಪ್ರಯೋಗದ ಕಾರು. ಬಾಗಿಲು ಮೇಲಕ್ಕೆ ತೆರೆಯುತ್ತದೆ. ಕೊಳ್ಳಲು ಜನ ಮುಗಿಬಿದ್ದರೂ ಕಂಪನಿ ಮಾರಲಿಲ್ಲ. ವಾಂಕೆಲ್ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು. ತೈಲ ಬಿಕ್ಕಟ್ಟು ಬಂದ ಮೇಲೆ ಅದರ ಕತೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಆಗ ಬೆನ್ಸಿನವರು ಅದೇ ಕಾರಿಗೆ ಐದು ಸಿಲಿಂಡರಿನ ಡೀಸೆಲ್ ಎಂಜಿನ್ ಕೂರಿಸಿ ಟರ್ಬೋ ಜೋಡಿಸಿದರು. ಟ್ಯಾಕ್ಸಿ ಓಡಿಸುವಂಥ ಎಂಜಿನ್ ವಂಶದ್ದು! 1976ರಲ್ಲಿ ಇಟಲಿಯ ನಾರ್ಡೋ ಟ್ರ್ಯಾಕಿನಲ್ಲಿ ಹಗಲು ರಾತ್ರಿ ಓಡಿಸಿದರು. ಸರಾಸರಿ ವೇಗ ಗಂಟೆಗೆ 250 ಕಿ.ಮೀ. ದಾಟಿತು. 1978ರಲ್ಲಿ ಹೊಸ ಮೈಕಟ್ಟು ಹಾಕಿ 300 ಕಿ.ಮೀ. ಮೇಲೆ ಓಡಿಸಿದರು. ಡೀಸೆಲ್ ಅಂದರೆ ಹೊಗೆ, ನಿಧಾನ ಅನ್ನುತ್ತಿದ್ದವರ ಬಾಯಿ ಮುಚ್ಚಿತು.

ಅದೇ 1978ರಲ್ಲಿ ಅಮೆರಿಕದ ಮಾರುಕಟ್ಟೆಗೆ 300 ಎಸ್‌ಡಿ ಬಂತು. ಎಸ್-ಕ್ಲಾಸ್ ಮೈ, ಐದು ಸಿಲಿಂಡರಿನ ಟರ್ಬೋ ಡೀಸೆಲ್. ಅಲ್ಲಿ ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಮೈಲೇಜಿಗೆ ಕಾನೂನು ಬಂದಿತ್ತು. ಗಾಲಿಮಾತು ಹೇಳಿದ ಮೂರನೇ ಕಾರಣಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಸ್ಟಟ್‌ಗಾರ್ಟ್ ಕನ್ನಡಿಗ:

ಇಲ್ಲಿ ಕೂತು ಓದುತ್ತಿದ್ದೇನೆ, ಖುಷಿ ಆಗುತ್ತಿದೆ. ನನ್ನ ಹತ್ತಿರ 1978ರ 280 ಎಸ್‌ಇ ಇದೆ, ಡಬ್ಲ್ಯು116. ಬಾಷ್ ಹೆಸರು ಬಂದದ್ದರಿಂದ ಅದರ ಕೆ-ಜೆಟ್ರಾನಿಕ್ ಅನ್ನುವ ಬಾಷ್ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆ ಬಗ್ಗೆ ಬರೆಯುತ್ತೇನೆ.

ಏರ್ ಫಿಲ್ಟರ್ ತೆಗೆದರೆ ಒಳಗೆ ಒಂದು ದುಂಡನೆಯ ತಟ್ಟೆ ಕಾಣುತ್ತದೆ. ಎಂಜಿನ್ ಗಾಳಿ ಎಳೆದ ಹಾಗೆ ಆ ತಟ್ಟೆ ಸರಿಯುತ್ತದೆ. ತಟ್ಟೆಗೆ ಒಂದು ಸನ್ನೆ, ಸನ್ನೆಯ ಇನ್ನೊಂದು ಕಡೆ ಒಂದು ಸಣ್ಣ ಪ್ಲಂಜರ್. ಗಾಳಿ ಎಷ್ಟು ಬಂತೋ ಪ್ಲಂಜರ್ ಅಷ್ಟು ಏರುತ್ತದೆ, ಪೆಟ್ರೋಲ್ ಅಷ್ಟು ಹೋಗುತ್ತದೆ. ಲೆಕ್ಕ ಹಾಕಲು ಕಂಪ್ಯೂಟರ್ ಇಲ್ಲ. ಬೆರಳಲ್ಲಿ ತಟ್ಟೆಯನ್ನು ಮೆಲ್ಲಗೆ ಸರಿಸಿದರೆ ಪ್ಲಂಜರಿನ ತಡೆ ಬೆರಳಿಗೇ ಗೊತ್ತಾಗುತ್ತದೆ. ಸರಿಯಾಗಿದ್ದರೆ ಉದ್ದಕ್ಕೂ ಒಂದೇ ಸಮ ಇರುತ್ತದೆ, ಎಲ್ಲೂ ತಡೆಯಬಾರದು.

ಗಾಡಿ ತಿಂಗಳುಗಟ್ಟಲೆ ನಿಂತರೆ ಹಳೆ ಪೆಟ್ರೋಲ್ ಅಂಟಾಗಿ ಆ ಪ್ಲಂಜರ್ ಹಿಡಿದುಕೊಳ್ಳುತ್ತದೆ. ನನ್ನ ಕಾರಿಗೆ ಹಾಗೇ ಆಗಿತ್ತು. ಒಂದು ವರ್ಕ್‌ಶಾಪಿನವರು ಪ್ಲಂಜರ್ ಇರುವ, ಪೆಟ್ರೋಲ್ ಹಂಚುವ ಇಡೀ ಡಿಸ್ಟ್ರಿಬ್ಯೂಟರ್ ಬದಲಿಸಬೇಕು ಅಂತ ದೊಡ್ಡ ಬಿಲ್ ಹೇಳಿದರು. ಇನ್ನೊಬ್ಬ ವಯಸ್ಸಾದ ಮೆಕ್ಯಾನಿಕ್ ಪ್ಲಂಜರ್ ಹೊರತೆಗೆದು ತೊಳೆದು ಹಾಕಿದರು, ಅಷ್ಟೇ. ಈಗ ಚಳಿಗಾಲದಲ್ಲೂ ಆಗಾಗ ಓಡಿಸುತ್ತೇನೆ, ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕದ ದಿನ ನೋಡಿಕೊಂಡು.

ಇಲ್ಲಿ 30 ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರಿಗೆ ನಂಬರಿನ ಕೊನೆಗೆ ಎಚ್ ಅಕ್ಷರ ಸಿಗುತ್ತದೆ. 1997ರಿಂದ ಇದೆ. ಎಂಜಿನ್ ಎಷ್ಟೇ ದೊಡ್ಡದಿದ್ದರೂ ವರ್ಷದ ತೆರಿಗೆ ಒಂದೇ, 191 ಯೂರೋ ಚಿಲ್ಲರೆ. ಹಾಗಾಗಿ ನಮ್ಮಂಥ ಸಂಬಳದವರೂ ಇಂಥ ಕಾರು ಸಾಕಬಹುದು.

ಹೊಸಬ ಧಾರವಾಡ:

450 ಎಸ್‌ಇಎಲ್ 6.9 ಬಗ್ಗೆ ಯಾರೂ ಬರೆದೇ ಇಲ್ಲ!

ಗಾಲಿಮಾತು:

ಕಾಯುತ್ತಿದ್ದೆ. ತೈಲ ಬಿಕ್ಕಟ್ಟಿನಿಂದ ತಡವಾಗಿ 1975ರಲ್ಲಿ ಮಾರಾಟಕ್ಕೆ ಬಂತು. 6,834 ಸಿಸಿ ವಿ8, 286 ಹಾರ್ಸ್‌ಪವರ್. 1980ರವರೆಗೆ ತಯಾರಾದದ್ದು 7,380.

ಇದರಲ್ಲಿ ನಾನು ಆರಿಸುವ ಭಾಗ ಎಂಜಿನ್ನಿನ ಎಣ್ಣೆ ವ್ಯವಸ್ಥೆ. ಮಾಮೂಲಿ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿನ ಚೇಂಬರಿನಲ್ಲಿರುತ್ತದೆ. ಇದರಲ್ಲಿ ಬೇರೆ ಟ್ಯಾಂಕಿನಲ್ಲಿದೆ, ಡ್ರೈ ಸಂಪ್ ಅನ್ನುತ್ತೇವಲ್ಲ, ಅದು. ಇದನ್ನು ಸಾಮಾನ್ಯವಾಗಿ ಕಾಣುವುದು ರೇಸ್ ಕಾರಿನಲ್ಲಿ. ಎಸ್-ಕ್ಲಾಸಿಗೆ ಯಾಕೆ? ಆ ದೊಡ್ಡ ವಿ8 ತುಂಬಾ ಎತ್ತರ. ಕೆಳಗಿನ ಚೇಂಬರ್ ತೆಗೆದರೆ ಎಂಜಿನ್ ಕೆಳಗೆ ಕೂರುತ್ತದೆ, ಬಾನೆಟ್ ಎತ್ತರಿಸಬೇಕಿಲ್ಲ. ಹಾಗಾಗಿ ಹೊರಗಿನಿಂದ ನೋಡಿದರೆ ಇದು ಬೇರೆ ಎಸ್-ಕ್ಲಾಸಿನ ಥರವೇ ಕಾಣುತ್ತದೆ. ಹಿಂದಿನ 6.9 ಅಂಕಿಯೊಂದೇ ಗುರುತು. ಅದೂ ಬೇಡ ಅಂದವರಿಗೆ ಕಂಪನಿ ಅಂಕಿ ಹಾಕದೆ ಕೊಡುತ್ತಿತ್ತು.

ಸ್ಪ್ರಿಂಗಿನ ಬದಲು ಎಣ್ಣೆ ಮತ್ತು ನೈಟ್ರೋಜನ್ ತುಂಬಿದ ಗುಂಡುಗಳ ಸಸ್ಪೆನ್ಷನ್. ಹಿಂದೆ ಮೂವರು ಕೂತು ಡಿಕ್ಕಿ ತುಂಬಿದರೂ ಕಾರು ಬಾಗುವುದಿಲ್ಲ, ತಾನೇ ಮಟ್ಟ ಸರಿಮಾಡಿಕೊಳ್ಳುತ್ತದೆ. ಸುಮಾರು ಎರಡು ಟನ್ ತೂಕದ ಗಾಡಿ 225 ಕಿ.ಮೀ. ಓಡುತ್ತಿತ್ತು.

ಇನ್ನೊಂದು ಮಾತು. 1978ರಲ್ಲಿ ಇದೇ ಡಬ್ಲ್ಯು116ಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗಲೂ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ ಬಂತು. ಬೆನ್ಸಿನವರು 1970ರಲ್ಲೇ ಅದನ್ನು ಪತ್ರಕರ್ತರಿಗೆ ತೋರಿಸಿದ್ದರು. ಆದರೆ ಆಗಿನ ಎಲೆಕ್ಟ್ರಾನಿಕ್ಸ್ ಮೇಲೆ ನಂಬಿಕೆ ಇಡುವ ಹಾಗಿರಲಿಲ್ಲ. ಬಾಷ್ ಜೊತೆ ಎಂಟು ವರ್ಷ ತಿದ್ದಿ ತಿದ್ದಿ, ಡಿಜಿಟಲ್ ಮಾಡಿ ಆಮೇಲೆ ಮಾರಿದರು. ಇವತ್ತು ನಮ್ಮ 125 ಸಿಸಿ ಮೇಲಿನ ಬೈಕಿಗೂ ಎಬಿಎಸ್ ಕಡ್ಡಾಯ. ಬ್ರೇಕ್ ಒತ್ತಿದಾಗ ಕಾಲಿಗೆ ಬರುವ ಆ ಟಕಟಕ ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಈ ಕಾರು.

ಮಲ್ಪೆ ಗಾಳಿ:

ಕರಾವಳಿಯವನಾಗಿ ನನ್ನ ಆಯ್ಕೆ ತಗಡು. ಬಿಎಂಡಬ್ಲ್ಯು 3.0 ಸಿಎಸ್ ಎಷ್ಟು ಚೆಂದವೋ ಅಷ್ಟೇ ಬೇಗ ತುಕ್ಕು ಹಿಡಿಯುತ್ತಿತ್ತು. ಮುಂದಿನ ಮಡ್‌ಗಾರ್ಡ್, ಬಾಗಿಲ ಕೆಳಗಿನ ಪಟ್ಟಿ, ಕಂಬದ ಬುಡ, ಎಲ್ಲ ಕಡೆ. ಹೊರಗೆ ಪೇಂಟ್ ಉಬ್ಬಿದ್ದು ಕಾಣುವ ಹೊತ್ತಿಗೆ ಒಳಗೆ ತಗಡೇ ಇರುವುದಿಲ್ಲ. ಪೋರ್ಷೆ 1976ರ ಮಾದರಿಯಿಂದ 911ರ ಮೈಗೆ ಸತು ಲೇಪಿಸಿದ ಉಕ್ಕು ಬಳಸಲು ಶುರು ಮಾಡಿತು. ಉಪ್ಪುಗಾಳಿಯಲ್ಲಿ ಗಾಡಿ ಸಾಕಿದವರಿಗೆ ಇದರ ಬೆಲೆ ಗೊತ್ತು. ಆ ದಶಕದ ಕಾರು ಕೊಳ್ಳುವವರಿದ್ದರೆ ಎಂಜಿನ್ ಆಮೇಲೆ ನೋಡಿ, ಮೊದಲು ಅಯಸ್ಕಾಂತ ಹಿಡಿದು ಕೆಳಗೆ ಬಗ್ಗಿ. ಎಂಜಿನ್ ರಿಪೇರಿ ಆಗುತ್ತದೆ, ಕೊಳೆತ ಮೈ ಸುಮ್ನೆ ದುಡ್ಡು ತಿನ್ನುತ್ತದೆ.

ಚಾಲಕಿ ಹಾಸನ:

911 ಟರ್ಬೋ? ಅದರ ದೊಡ್ಡ ಹಿಂದಿನ ರೆಕ್ಕೆಯಾದರೂ ತೋರಿಕೆಗೆ ಅಲ್ವಾ?

ಚಿಕ್ಕಮಗಳೂರು ತಿರುವು:

ಅಲ್ಲ. 1978ರಲ್ಲಿ ಎಂಜಿನ್ 3.3 ಲೀಟರ್ ಆದಾಗ ಆ ರೆಕ್ಕೆಯ ಕೆಳಗೇ ಇಂಟರ್‌ಕೂಲರ್ ಕೂರಿಸಿದರು. ಟರ್ಬೋ ಒತ್ತಿದ ಬಿಸಿ ಗಾಳಿ ತಣ್ಣಗಾಗಲು ಅಲ್ಲಿಗೆ ಹೊರಗಾಳಿ ಬೇಕು. 260 ಇದ್ದ ಹಾರ್ಸ್‌ಪವರ್ 300ಕ್ಕೆ ಏರಿತು. ಬ್ರೇಕನ್ನು ಪೋರ್ಷೆಯ 917 ರೇಸ್ ಕಾರಿನಿಂದ ತಂದರು.

ಆದರೂ ಅದು ಹುಷಾರಾಗಿ ಓಡಿಸಬೇಕಾದ ಕಾರು. ಗೇರ್ ನಾಲ್ಕೇ. ಆಕ್ಸಿಲರೇಟರ್ ಒತ್ತಿದ ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಎಲ್ಲ ಶಕ್ತಿ ಒಟ್ಟಿಗೆ ಬರುತ್ತದೆ. ತಿರುವಿನ ನಡುವೆ ಅದು ಬಂದಾಗ ಗಾಬರಿಯಿಂದ ಕಾಲು ತೆಗೆದರೆ ಹಿಂಭಾಗ ಹೊರಗೆ ಜಾರುತ್ತದೆ. ಕಾಲು ತೆಗೆಯದಿರುವುದನ್ನು ಕಲಿಯುವುದೇ ಕಷ್ಟ.

ಇದಕ್ಕೆ ಪೋರ್ಷೆಯೇ ಕೊಟ್ಟ ಉತ್ತರ 1977ರ 928. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ, ತೂಕ ಹೆಚ್ಚುಕಮ್ಮಿ ಸಮ. ವೈಸಾಖ್ ಆಕ್ಸಲ್ ಅಂತ ಮಾಡಿದರು. ತಿರುವಿನಲ್ಲಿ ಕಾಲು ತೆಗೆದರೆ ಹಿಂದಿನ ಚಕ್ರ ತಾನೇ ಸ್ವಲ್ಪ ಒಳಕ್ಕೆ ತಿರುಗಿ ಕಾರನ್ನು ಹಿಡಿಯುತ್ತದೆ. 1978ರಲ್ಲಿ ಯುರೋಪಿನ ವರ್ಷದ ಕಾರು ಪ್ರಶಸ್ತಿ ಬಂತು. 911ರ ಜಾಗಕ್ಕೆ ಇದೇ ಬರಬೇಕು ಅಂತ ಆಗಿನ ಮುಖ್ಯಸ್ಥ ಅರ್ನ್‌ಸ್ಟ್ ಫೂರ್‌ಮನ್ ನಿರ್ಧಾರ ಮಾಡಿದ್ದರು. ಎಂಜಿನಿಯರಿಂಗ್ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಆದರೆ ಕೊಳ್ಳುವವರು 911 ಬಿಡಲಿಲ್ಲ. 1981ರಲ್ಲಿ ಮುಖ್ಯಸ್ಥರಾಗಿ ಬಂದ ಪೀಟರ್ ಶುಟ್ಸ್ 911 ನಿಲ್ಲಿಸುವ ಯೋಜನೆ ಕೈಬಿಟ್ಟರು. ನನ್ನ ಮನಸ್ಸು 911 ಕಡೆಗೇ, ಆದರೆ ಮಳೆಯಲ್ಲಿ ಚಾರ್ಮಾಡಿ ಇಳಿಯಬೇಕು ಅಂದರೆ 928 ಕೊಡಿ.

ಹೊಸಬ ಧಾರವಾಡ:

ನಮ್ಮಲ್ಲಿ ಇಂಥ ಕಾರು ಇದ್ದರೆ ನೋಂದಣಿ ಹೇಗೆ?

ಆಡುಗೋಡಿ ಪಂಪು:

2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪ ಬದಲಾಗದ ಖಾಸಗಿ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂ., 10 ವರ್ಷ ನಡೆಯುತ್ತದೆ. ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಅಂತ ಹೊರತೆಗೆಯಬಹುದು. ಎಪ್ಪತ್ತರ ದಶಕದ ಮೊದಲರ್ಧದ ಕಾರುಗಳು ಈಗ ಈ ಲೆಕ್ಕಕ್ಕೆ ಬಂದಿವೆ. ಯಾರ ಮನೆಯ ಶೆಡ್ಡಿನಲ್ಲಾದರೂ ಒಂದು ಡಬ್ಲ್ಯು116 ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ಇಲ್ಲಿ ಬರೆಯಿರಿ. ಪಂಪಿನ ಕೆಲಸ ನಾನು ನೋಡಿಕೊಡುತ್ತೇನೆ.